ಬಾಡಿಗೆ ಮನೆಯ ನೆಲ: ಮುಚ್ಚುವ ಮೊದಲು ಬಿಚ್ಚಿ ನೋಡಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಬಾಡಿಗೆ ಮನೆಗಳು ಖಾಲಿಯಾಗಿ ಮತ್ತೆ ತುಂಬುವ ಕಾಲ ಬಹುಮಟ್ಟಿಗೆ ಬೇಸಿಗೆ. ಶಾಲೆಗೆ ರಜೆ ಬಿದ್ದಿರುತ್ತದೆ, ನೌಕರರ ವರ್ಗಾವಣೆಯ ಮಾತು ಓಡಾಡುತ್ತಿರುತ್ತದೆ. ಇದ್ದವರು ಸಾಮಾನು ಕಟ್ಟಿಕೊಂಡು ಹೋಗಿ, ಬರುವವರು ಜೂನ್ ಮೊದಲ ವಾರಕ್ಕೆ ಮಾತು ಕೊಟ್ಟಿರುತ್ತಾರೆ. ನಡುವೆ ಮಾಲೀಕರ ಕೈಗೆ ಸಿಗುವುದು ಎರಡೋ ಮೂರೋ ವಾರ. ಆ ವಾರಗಳಲ್ಲಿ ಗೋಡೆಗೆ ಬಣ್ಣ ಬೀಳುತ್ತದೆ, ನೆಲಕ್ಕೆ ಹೊದಿಕೆ ಬೀಳುತ್ತದೆ. ಈಚೆಗೆ ಹೆಚ್ಚು ಕಾಣುವ ಹೊದಿಕೆಯೆಂದರೆ ಕಟ್ಟಿಗೆಯ ಎಳೆ ಅಚ್ಚು ಹಾಕಿದ ಪ್ಲಾಸ್ಟಿಕ್ ಮ್ಯಾಟು. ಸುರುಳಿಯಲ್ಲಿ ತಂದು, ಬ್ಲೇಡಿನಿಂದ ಕತ್ತರಿಸಿ ಹಾಸಿದರೆ ಸಂಜೆಯೊಳಗೆ ಹಳೆಯ ಫರಸಿ ನೆಲ ಸಾಗವಾನಿ ಹಲಗೆಯ ನೆಲದಂತೆ ಕಾಣುತ್ತದೆ. ಇನ್ನಷ್ಟು ದುಡ್ಡಿದ್ದವರು ಫರಸಿಯ ಮೇಲೆಯೇ ಟೈಲ್ಸ್ ಕೂರಿಸುತ್ತಾರೆ. ಎರಡೂ ಮುಚ್ಚುವ ರಿಪೇರಿಗಳೇ. ನಮ್ಮ ಮಣ್ಣಿಗೆ, ನಮ್ಮ ಕಲ್ಲಿಗೆ, ನಮ್ಮ ಹಳೆಯ ಗೋಡೆಗಳಿಗೆ ಒಗ್ಗುವುದು ಬಿಚ್ಚುವ ರಿಪೇರಿ: ಕೆಟ್ಟಿರುವ ನಾಲ್ಕು ಕಲ್ಲನ್ನು ಎಬ್ಬಿಸಿ, ಕೆಳಗೆ ಏನಾಗಿದೆ ಎಂದು ನೋಡಿ, ಅದನ್ನು ಸರಿಮಾಡಿ, ಅದೇ ಕಲ್ಲನ್ನು ಮತ್ತೆ ಕೂರಿಸುವುದು. ಇದನ್ನು ಮಾಲೀಕರೇ, ಇನ್ನೊಬ್ಬರ ನೆರವಿನೊಂದಿಗೆ, ಮನೆ ಖಾಲಿಯಿರುವ ಅವಧಿಯಲ್ಲೇ ಮಾಡಿ ಮುಗಿಸಬಹುದು.

ಮೊದಲು ಕಲ್ಲಿನ ವಿಚಾರ. ಈ ಊರುಗಳ ಹಳೆಯ ಮನೆಗಳಲ್ಲಿ ಹಾಸಿರುವುದು ಕಲಬುರಗಿ ಜಿಲ್ಲೆಯಿಂದ ಬಂದ ಶಹಾಬಾದಿ ಫರಸಿ, ಇಲ್ಲವೇ ಇಲ್ಲಿಯೇ ಸುತ್ತಮುತ್ತ ಸಿಕ್ಕ ಹಾಸುಗಲ್ಲು. ಶಹಾಬಾದಿ ಎಂಬುದು ಸುಣ್ಣಕಲ್ಲು. ಮುಧೋಳ, ಲೋಕಾಪುರದ ನೆಲದೊಳಗೂ ಸುಣ್ಣಕಲ್ಲೇ ಹಾಸಿಕೊಂಡಿದೆ; ಮುದ್ದಾಪುರದಲ್ಲಿ ಸಿಮೆಂಟ್ ಕಾರ್ಖಾನೆ ಬಂದು ಕೂತಿದ್ದೂ ಅದಕ್ಕಾಗಿಯೇ. ಸುಣ್ಣಕಲ್ಲಿಗೆ ಎರಡು ಗುಣ. ಒಂದು, ಅದು ತುಸು ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಡುತ್ತದೆ. ಇನ್ನೊಂದು, ಹುಳಿಯೆಂದರೆ ಅದಕ್ಕೆ ಆಗದು. ಮೂಲೆಯ ಕಲ್ಲಿನ ಮೇಲೆ ನಿಂಬೆರಸದ ಒಂದು ಹನಿ ಬಿಟ್ಟು ಬಗ್ಗಿ ನೋಡಿ: ಹನಿಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತವೆ, ಒರೆಸಿದ ಮೇಲೆ ಅಲ್ಲಿ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ. ಅಡುಗೆಮನೆಯ ಫರಸಿಯ ಮೇಲೆ ಹುಣಸೆಹಣ್ಣಿನ ನೀರು ಬಿದ್ದ ಕಡೆಯೆಲ್ಲ ಮಚ್ಚೆಗಳಿರುವುದು ಇದರಿಂದಲೇ. ಮನೆ ಖಾಲಿಯಾದ ಕೂಡಲೇ ಬಚ್ಚಲು ತೊಳೆಯುವ ಆ್ಯಸಿಡ್ ತಂದು ಇಡೀ ನೆಲಕ್ಕೆ ಸುರಿಯುವ ಅಭ್ಯಾಸ ಈ ಭಾಗದಲ್ಲಿದೆ. ಕೊಳೆ ಹೋಗುವುದು ನಿಜ, ಜೊತೆಗೆ ಕಲ್ಲಿನ ಮೇಲ್ಪದರವೂ ಹೋಗುತ್ತದೆ. ಒರಟಾದ ಕಲ್ಲು ಮುಂದಿನ ಆರು ತಿಂಗಳಲ್ಲಿ ಮೊದಲಿಗಿಂತ ಹೆಚ್ಚು ಕೊಳೆ ಹಿಡಿಯುತ್ತದೆ, ಸಂದುಗಳ ಸುಣ್ಣ ಕರಗಿ ಕಲ್ಲು ಅಲುಗಾಡತೊಡಗುತ್ತದೆ. ಬಿಸಿನೀರಿಗೆ ಬಟ್ಟೆಸೋಡಾ ಹಾಕಿ, ಗಟ್ಟಿ ಬ್ರಷ್ಷಿನಿಂದ ತಿಕ್ಕಿ, ಎರಡು ಸಲ ಬರಿ ನೀರಿನಲ್ಲಿ ತೊಳೆದರೆ ಸಾಕು.

ಮಣ್ಣಿನದು ಇದಕ್ಕಿಂತ ದೊಡ್ಡ ಕತೆ. ಕೃಷ್ಣೆ ಮತ್ತು ಘಟಪ್ರಭೆಯ ನಡುವಿನ ಈ ಸೀಮೆಯ ಬಹುಭಾಗ ಎರಿ ಭೂಮಿ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹೊಲದಲ್ಲಿ ಆಗುವುದೇ ಮನೆಯ ನೆಲದಡಿಯೂ ಆಗುತ್ತದೆ. ಗೋಡೆಯ ನೆರಳಿರುವುದರಿಂದ ನಿಧಾನವಾಗಿ ಆಗುತ್ತದೆ, ಅಷ್ಟೇ. ಬುನಾದಿಯೊಳಗೆ ಗರಸು ತುಂಬಿ ದಿಮ್ಮಸು ಹೊಡೆದು ಫರಸಿ ಹಾಸಿದ ಮನೆಯಲ್ಲಿ ತೊಂದರೆ ಕಡಿಮೆ. ಬುನಾದಿ ಅಗೆದ ಎರಿ ಮಣ್ಣನ್ನೇ ಒಳಗೆ ತುಂಬಿ ಮೇಲೆ ಕಲ್ಲಿಟ್ಟ ಮನೆಯಲ್ಲಿ, ಪಡಸಾಲೆಯ ನಡುಭಾಗ ಮಳೆಗಾಲದಲ್ಲಿ ಏಳುವುದು, ಬೇಸಿಗೆಯಲ್ಲಿ ಇಳಿಯುವುದು ವರ್ಷವರ್ಷವೂ ನಡೆದಿರುತ್ತದೆ. ಇದಕ್ಕೆ ನೀರಾವರಿ ಬೇರೆ ಸೇರಿದೆ. ಊರಿನ ಅಂಚಿನವರೆಗೂ ಕಬ್ಬು ಬಂದ ಮೇಲೆ ಮಣ್ಣಿನೊಳಗಿನ ಉಪ್ಪು ನೀರಿನೊಂದಿಗೆ ಮೇಲೆ ಬರುತ್ತದೆ. ಸವಳು-ಜವಳಿನ ಮಾತು ಹೊಲಕ್ಕೆ ಮಾತ್ರ ಸೇರಿದ್ದೆಂದು ತಿಳಿಯಬಾರದು. ಗೋಡೆಯ ಬುಡದಲ್ಲಿ ಮೊಳಕಾಲೆತ್ತರಕ್ಕೆ ಗಿಲಾವು ಪುಡಿಪುಡಿಯಾಗಿ ಉದುರುವುದು, ಫರಸಿಯ ಸಂದಿನಲ್ಲಿ ಬಿಳಿ ಹಿಟ್ಟಿನಂಥದ್ದು ಮೂಡುವುದು ಅದೇ ಉಪ್ಪಿನ ಕೆಲಸ. ನೀರು ಆವಿಯಾಗಿ ಹೋದ ಜಾಗದಲ್ಲಿ ಉಪ್ಪು ಹರಳುಗಟ್ಟುತ್ತದೆ, ಹರಳು ಬೆಳೆಯುತ್ತ ಕಲ್ಲಿನ ಚಕ್ಕೆಯನ್ನು ಒಳಗಿನಿಂದ ನೂಕುತ್ತದೆ.

ಇಂಥ ನೆಲದ ಮೇಲೆ ಪ್ಲಾಸ್ಟಿಕ್ ಮ್ಯಾಟು ಹಾಸಿದರೆ ಏನಾಗುತ್ತದೆಂದು ಊಹಿಸಬೇಕಿಲ್ಲ, ಪರೀಕ್ಷಿಸಿಯೇ ನೋಡಬಹುದು. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಒಣಗಿದ ಫರಸಿಯ ಮೇಲಿಟ್ಟು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಅಂಟಿಸಿ ಒಂದು ರಾತ್ರಿ, ಒಂದು ಹಗಲು ಬಿಡಿ. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದ್ದರೆ, ಅಥವಾ ಅಷ್ಟು ಜಾಗದ ಕಲ್ಲು ಸುತ್ತಲಿನ ಕಲ್ಲಿಗಿಂತ ಕಪ್ಪಾಗಿದ್ದರೆ, ಕೆಳಗಿನಿಂದ ತೇವ ಏರುತ್ತಿದೆ. ಬಚ್ಚಲ ಪಕ್ಕ, ಅಡುಗೆಮನೆ, ಪಡಸಾಲೆಯ ನಡುವೆ, ಹೊರಗೋಡೆಯ ಬುಡ ಹೀಗೆ ನಾಲ್ಕು ಕಡೆ ಅಂಟಿಸಿದರೆ ತೇವ ಎಲ್ಲಿಂದ ಬರುತ್ತಿದೆ ಎಂಬುದೂ ತಿಳಿಯುತ್ತದೆ. ಮ್ಯಾಟು ಮಾಡುವುದು ಇದೇ ಕೆಲಸವನ್ನು, ಮನೆಯಷ್ಟಗಲಕ್ಕೆ, ವರ್ಷಗಟ್ಟಲೆ. ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ, ಹಸಿ ವಾಸನೆ ಬರುತ್ತದೆ, ಹೊರಗೆ ಹೋಗಲಾರದ ತೇವ ಗೋಡೆಯ ಕಡೆ ತಿರುಗಿ ಗಿಲಾವು ಇನ್ನೂ ಮೇಲಕ್ಕೆ ಉದುರುತ್ತದೆ. ಟೈಲ್ಸಿನದೂ ಇದೇ ಪಾಡು. ಗಟ್ಟಿಯಾಗಿರುವುದರಿಂದ ರೋಗ ಹೊರಗೆ ಕಾಣಲು ಇನ್ನಷ್ಟು ದಿನ ಹಿಡಿಯುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಏಪ್ರಿಲ್-ಮೇ ತಿಂಗಳು ಮಣ್ಣು ವರ್ಷದಲ್ಲೇ ಅತಿ ಒಣಗಿರುವ ಕಾಲ. ಈ ಭಾಗದಲ್ಲಿ ಜೋರು ಮಳೆ ಬರುವುದು ಹೆಚ್ಚಾಗಿ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಆದ್ದರಿಂದ ಬೇಸಿಗೆಯಲ್ಲಿ ಹಾಳೆ ಒಣಗಿಯೇ ಉಳಿದರೆ ನೆಲ ಚೆನ್ನಾಗಿದೆ ಎಂದು ನಂಬಿ ಕೂರಬಾರದು. ಗೋಡೆಯ ಮೇಲಿನ ಉಪ್ಪಿನ ಗೆರೆಯನ್ನು ನೋಡಿ. ಅದು ಕಳೆದ ಮಳೆಗಾಲದ ದಾಖಲೆ.

ಎಲ್ಲಿ ಬಿಚ್ಚಬೇಕು ಎಂದು ಗೊತ್ತುಮಾಡಲು ಕಟ್ಟಿಗೆಯ ತುಂಡೊಂದು ಸಾಕು. ಪ್ರತಿ ಕಲ್ಲಿನ ನಡುವೆ ಮತ್ತು ನಾಲ್ಕು ಮೂಲೆಗೆ ಮೆಲ್ಲಗೆ ಬಡಿಯುತ್ತ ಬನ್ನಿ. ಗಟ್ಟಿ ಕೂತ ಕಲ್ಲು ಮೊಂಡು ಸಪ್ಪಳ ಕೊಡುತ್ತದೆ, ಕೆಳಗೆ ಟೊಳ್ಳಾದ ಕಲ್ಲು ಡಬ್ಬಿಯ ಹಾಗೆ ನುಡಿಯುತ್ತದೆ. ಟೊಳ್ಳಿರುವ ಕಲ್ಲಿಗೆಲ್ಲ ಖಡುವಿನಿಂದ ಅಂಕಿ ಬರೆದು, ಬಾಗಿಲ ಕಡೆಗೆ ಬಾಣದ ಗುರುತು ಹಾಕಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಕೈಯಲ್ಲಿ ಒಡೆದು ಹಾಸಿದ ಹಳೆಯ ಫರಸಿಯ ಒಂದೊಂದು ಕಲ್ಲೂ ಒಂದೊಂದು ಅಳತೆ. ತಿರುವಿ ಇಟ್ಟರೆ ಅದೇ ಕುಣಿಗೆ ಕೂರುವುದಿಲ್ಲ. ಸಂದಿನ ಹಳೆಯ ಗಾರೆಯನ್ನು ಚಾಣ ಮತ್ತು ಸಣ್ಣ ಸುತ್ತಿಗೆಯಿಂದ ತೆಗೆಯಬೇಕು. ಗ್ರೈಂಡರ್ ಹಚ್ಚಿದರೆ ಬೇಗ ಆಗುತ್ತದೆ, ಆದರೆ ಕಲ್ಲಿನ ಅಂಚು ಹಾರುತ್ತದೆ, ಕೋಣೆ ತುಂಬ ಏಳುವ ಉಸುಕಿನ ಸಣ್ಣ ದೂಳು ಎದೆಗೆ ಕೆಟ್ಟದ್ದು. ಗ್ರೈಂಡರ್ ಹಿಡಿಯಲೇಬೇಕಾದರೆ ಮೂಗಿಗೆ ಒಳ್ಳೆಯ ಮಾಸ್ಕು, ಕಣ್ಣಿಗೆ ಕನ್ನಡಕ ಇರಲಿ, ಒದ್ದೆ ನೆಲದಲ್ಲಿ ನಿಂತು ಹಚ್ಚಬೇಡಿ. ಸಂದು ಬಿಟ್ಟುಕೊಂಡ ಮೇಲೆ ಹಾರಿಯ ತುದಿಯನ್ನು ಮೂಲೆಗೆ ಕೊಟ್ಟು, ಅಡಿಗೆ ಕಟ್ಟಿಗೆಯ ತುಂಡು ಇಟ್ಟು ಮೀಟಬೇಕು. ಎರಡು ಅಡಿ ಚೌಕದ, ಒಂದೂಕಾಲು ಇಂಚು ದಪ್ಪದ ಫರಸಿ ಹೆಚ್ಚುಕಡಿಮೆ 30 ಕಿಲೋ ತೂಗುತ್ತದೆ. ಒಬ್ಬರೇ ಎತ್ತಲು ಹೋದರೆ ಸೊಂಟ ಹಿಡಿಯುತ್ತದೆ, ಇಲ್ಲವೇ ಕಲ್ಲು ಮುರಿಯುತ್ತದೆ. ಬಾಯಿ ತೆರೆಯುವ ಬದಿ ನಿಮ್ಮ ಎದುರು ದಿಕ್ಕಿಗೆ ಇರುವಂತೆ ಮೀಟಿ, ಕೈಗವಸು ಹಾಕಿಕೊಳ್ಳಿ. ಬೇಸಿಗೆಯಲ್ಲಿ ಫರಸಿಯ ಕೆಳಗಿನ ತಂಪು ಚೇಳಿಗೂ ಬೇಕು.

ಇನ್ನು ಕಲ್ಲಿನಡಿಯಲ್ಲಿ ಕಾಣುವುದನ್ನು ಓದುವ ಕೆಲಸ. ಈ ಇಡೀ ರಿಪೇರಿಯ ಜೀವ ಇಲ್ಲಿದೆ. ಒಣಗಿದ ಪೊಳ್ಳು ಸಿಕ್ಕಿ, ಒಂದು ಬದಿಗೆ ತೂತು ಹೋಗಿದ್ದರೆ ಅದು ಹೆಗ್ಗಣದ ಬಿಲ. ಗಟಾರದ ಕಡೆಯ ಬಾಯಿ ಹುಡುಕಿ, ಗಾಜಿನ ಚೂರು ಬೆರೆಸಿದ ಗರಸು ಮತ್ತು ಗಾರೆಯಿಂದ ಮುಚ್ಚದೆ ಮೇಲಿನ ಕಲ್ಲು ಎಷ್ಟು ಸಲ ಕೂರಿಸಿದರೂ ದಂಡ. ಕೈಗೆ ಅಂಟುವ ಕಪ್ಪು ಹಸಿಮಣ್ಣು ಬಚ್ಚಲ ಹತ್ತಿರ ಮಾತ್ರ ಇದ್ದರೆ ಪೈಪಿನ ಸೋರಿಕೆಯನ್ನು ಸಂಶಯಿಸಿ. ಒಂದು ರಾತ್ರಿ ಮನೆಯ ನಳಗಳನ್ನೆಲ್ಲ ಕಟ್ಟಿ, ಮೇಲಿನ ಟಾಕಿಯ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಗ್ಗೆ ನೋಡಿದರೆ ಉತ್ತರ ಸಿಗುತ್ತದೆ. ಮಟ್ಟ ಇಳಿಯದಿದ್ದರೆ ಬಚ್ಚಲ ಕೊಳೆನೀರಿನ ಪೈಪು ಒಡೆದಿರಬಹುದು. ಮನೆಯ ತುಂಬ ಒಂದೇ ಬಗೆಯ ಹಸಿಯಿದ್ದರೆ ಅದು ಭೂಮಿಯಿಂದ ಏರಿದ ತೇವ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಯ ಪ್ರವಾಹ ಹೊಕ್ಕ ಮನೆಗಳಲ್ಲಿ ಫರಸಿಯಡಿಯ ಉಸುಕು ಒಂದು ಕಡೆ ಕೊಚ್ಚಿಹೋಗಿ, ಇನ್ನೊಂದು ಕಡೆ ರಾಡಿ ಕೂತಿರುವ ಸಾಧ್ಯತೆಯಿದೆ. ನೀರು ಇಳಿದ ಕೂಡಲೇ ಮೇಲಿನಿಂದ ಸಿಮೆಂಟು ಬಳಿದು ಮುಚ್ಚಿದ್ದರೆ ಒಳಗಿನ ಹಸಿ ಆರಲು ಬಹಳ ಕಾಲ ಹಿಡಿದಿರುತ್ತದೆ. ರಬಕವಿ-ಬನಹಟ್ಟಿಯಲ್ಲಿ ಇನ್ನೊಂದು ಬಗೆ. ಕುಣಿ ಮಗ್ಗ ತೆಗೆದು, ಕುಣಿಗೆ ಸಿಕ್ಕಿದ್ದನ್ನು ತುಂಬಿ ಮೇಲೆ ಕಲ್ಲು ಹಾಸಿದ ಕಡೆ, ಆಯತಾಕಾರದ ಒಂದು ತಗ್ಗು ವರ್ಷ ಕಳೆದಂತೆ ಇಳಿಯುತ್ತಲೇ ಹೋಗುತ್ತದೆ. ಪವರ್‌ಲೂಮ್ ಇದ್ದ ಕೋಣೆಯಲ್ಲಿ ಬೋಲ್ಟಿನ ತೂತುಗಳು, ಎಣ್ಣೆ ಕುಡಿದ ಕಲ್ಲುಗಳು ಇರುತ್ತವೆ. ಪಕ್ಕದ ಮನೆಯ ಮಗ್ಗದ ನಡುಕಕ್ಕೇ ಸಂದಿನ ಗಾರೆ ಸಡಿಲಾಗಬಹುದು. ಎಣ್ಣೆ ಕಲೆಗೆ ಖಡುಪುಡಿ ಮತ್ತು ಬಟ್ಟೆಸೋಡಾವನ್ನು ಬಿಸಿನೀರಲ್ಲಿ ಗಟ್ಟಿಯಾಗಿ ಕಲಸಿ ಬೆರಳು ದಪ್ಪ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಟ್ಟು, ಆಮೇಲೆ ಮುಚ್ಚಿದ್ದನ್ನು ತೆಗೆದು ಒಣಗಲು ಬಿಡಬೇಕು. ಒಣಗುವಾಗ ಪುಡಿ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಎರಡು ಮೂರು ಸಲ ಮಾಡಬೇಕಾದೀತು. ಪೂರ್ತಿ ಹೋಗುತ್ತದೆಂಬ ಆಸೆ ಬೇಡ.

ಕಾರಣ ತಿಳಿದ ಮೇಲೆ ಕೆಲಸ ಸಲೀಸು. ಆ ಜಾಗದ ಎರಿ ಮಣ್ಣನ್ನು ಮುಕ್ಕಾಲು ಅಡಿ ಆಳಕ್ಕೆ ತೆಗೆದುಹಾಕಿ, ಗರಸನ್ನು ಮೂರು ಮೂರು ಇಂಚಿನ ಪದರವಾಗಿ ಹರಡಿ, ನೀರು ಚಿಮುಕಿಸಿ ದಿಮ್ಮಸು ಹೊಡೆಯಬೇಕು. ಒಂದೇ ಸಲ ತುಂಬಿ ಮೇಲೆ ಗುದ್ದಿದರೆ ಮೇಲಿನ ಎರಡು ಇಂಚು ಮಾತ್ರ ಗಟ್ಟಿಯಾಗುತ್ತದೆ. ತೇವ ಏರುವ ಮನೆಯಾದರೆ ಮೇಲಿನ ಮೂರು ಇಂಚಿಗೆ ಗರಸಿನ ಬದಲು ತೊಳೆದ ಕಲ್ಲುಖಡಿ ಹಾಕುವುದು ಮೇಲು. ನೀರು ಸಣ್ಣ ಸಂದುಗಳಲ್ಲಿ ಮೇಲಕ್ಕೆ ಏರುತ್ತದೆ, ಖಡಿಯ ನಡುವಿನ ದೊಡ್ಡ ಪೊಳ್ಳನ್ನು ದಾಟಿ ಏರಲಾರದು. ಇದರ ಮೇಲೆ ಒಂದು ಪಾಲು ಸಿಮೆಂಟ್, ಒಂದು ಪಾಲು ನಾದಿದ ಸುಣ್ಣ, ಆರು ಪಾಲು ಉಸುಕಿನ ಗಾರೆಯನ್ನು ಒಂದು ಇಂಚಿನಷ್ಟು ಹರಡಿ, ಕಲ್ಲಿನ ಅಡಿಮೈಯನ್ನು ಬ್ರಷ್ಷಿನಿಂದ ತಿಕ್ಕಿ ಒದ್ದೆ ಮಾಡಿ, ಅಂಕಿ ಮತ್ತು ಬಾಣ ನೋಡಿಕೊಂಡು ಕೂರಿಸಿ, ಕೊಡತಿಯಿಂದ ಮೂಲೆಮೂಲೆಗೆ ತಟ್ಟಿ ಪಕ್ಕದ ಕಲ್ಲಿನ ಮಟ್ಟಕ್ಕೆ ತರಬೇಕು. ಸುಣ್ಣ ಯಾಕೆ, ಬರಿ ಸಿಮೆಂಟೇ ಹಾಕಿದರಾಗದೆ ಎಂದು ಕೇಳುವವರಿದ್ದಾರೆ. ಬರಿ ಸಿಮೆಂಟಿನ ಗಾರೆ ಸುಣ್ಣಕಲ್ಲಿಗಿಂತ ಬಿರುಸು. ನೆಲ ಕೂದಲೆಳೆ ಅಲುಗಿದರೂ ಗಾರೆ ಉಳಿದು ಕಲ್ಲಿನ ಅಂಚು ಒಡೆಯುತ್ತದೆ. ಸುಣ್ಣ ಬೆರೆತದ್ದು ತುಸು ಬಾಗುತ್ತದೆ, ತೇವವನ್ನು ಸಂದಿನಿಂದ ಹೊರಗೆ ಬಿಡುತ್ತದೆ, ಮುಂದೆ ಮತ್ತೆ ಬಿಚ್ಚಬೇಕಾದರೆ ಕಲ್ಲು ಮುರಿಯದೆ ಏಳುತ್ತದೆ. ಸುಟ್ಟ ಸುಣ್ಣದ ಹರಳು ತಂದು ಮನೆಯಲ್ಲಿ ಅರಳಿಸುವ ಸಾಹಸ ಬೇಡ, ಅದು ಕುದಿದು ಸಿಡಿಯುತ್ತದೆ; ಅರಳಿಸಿದ ಸುಣ್ಣವನ್ನೇ ತನ್ನಿ, ಅದನ್ನು ಮುಟ್ಟುವಾಗಲೂ ಕಣ್ಣಿನ ಮೇಲೆ ಗಮನವಿರಲಿ. ಸಂದುಗಳನ್ನು ಮರುದಿನ ತುಂಬಿ, ಒಂದು ವಾರ ಒದ್ದೆ ಗೋಣಿಚೀಲ ಹೊದಿಸಿ ನೀರುಣಿಸಬೇಕು. ಮೇ ತಿಂಗಳ 40 ಡಿಗ್ರಿ ಬಿಸಿಲಿನ ಊರಿನಲ್ಲಿ ಈ ಒಂದು ವಾರವನ್ನು ಉಳಿಸಲು ಹೋದವರ ಗಾರೆ ಬೆರಳಲ್ಲಿ ಪುಡಿಯಾಗುತ್ತದೆ. ಹೊರಗೋಡೆಯ ಉದ್ದಕ್ಕೆ ಅರ್ಧ ಇಂಚು ಸಂದನ್ನು ಗಟ್ಟಿಯಾಗಿ ತುಂಬದೆ ಬರಿ ಸುಣ್ಣ-ಉಸುಕಿನಿಂದ ಸಡಿಲಾಗಿ ಮುಚ್ಚಿ, ಮಳೆಗಾಲದಲ್ಲಿ ನೆಲ ಉಬ್ಬಿದರೆ ಅದಕ್ಕೆ ಜಾಗ ಬೇಕು. ಬಣ್ಣದ ಕೆಲಸ ಇದೆಲ್ಲ ಆದ ಮೇಲೆ. ಸಾಮಾನ್ಯವಾಗಿ ಮೊದಲು ಬಣ್ಣ ಮುಗಿಸಿ, ಉಳಿದ ದಿನಗಳಲ್ಲಿ ನೆಲ ನೋಡುತ್ತಾರೆ. ಉಳಿಯುವ ದಿನಗಳು ಮ್ಯಾಟು ಹಾಸಲಷ್ಟೇ ಸಾಲುತ್ತವೆ.

ಕಟ್ಟಿಗೆಯ ನೆಲ ನಮ್ಮಲ್ಲಿ ಇಲ್ಲವೇ ಇಲ್ಲವೆಂದಲ್ಲ. ಹಳೆಯ ವಾಡೆಗಳಲ್ಲಿ, ಪೇಟೆಯ ಎರಡಂತಸ್ತಿನ ಮಾಳಿಗೆ ಮನೆಗಳಲ್ಲಿ ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಹೊಡೆದ ಅಟ್ಟ ಇರುತ್ತದೆ, ಒಮ್ಮೊಮ್ಮೆ ಅದೇ ಒಬ್ಬ ವಿದ್ಯಾರ್ಥಿಗೋ ಒಂಟಿ ನೌಕರನಿಗೋ ಬಾಡಿಗೆ ಕೋಣೆ. ಅಲ್ಲಿಯೂ ಹಲಗೆಯ ಮೇಲೆ ಪ್ಲೈವುಡ್ ಬಡಿದು ಮುಚ್ಚುವುದೇ ಸುಲಭದ ದಾರಿಯೆನಿಸುತ್ತದೆ, ಅಲ್ಲಿ ಅದು ಇನ್ನೂ ಅಪಾಯದ್ದು. ಕಟ್ಟಿಗೆ ಮೊದಲು ಕೆಡುವುದು ಜಂತಿಯ ತುದಿ ಗೋಡೆಯೊಳಗೆ ಹೊಕ್ಕ ಜಾಗದಲ್ಲಿ, ಯಾಕೆಂದರೆ ಮಳೆಯ ತೇವ ಗೋಡೆಯಲ್ಲಿ ನಿಲ್ಲುತ್ತದೆ, ಒರಲಿಯೂ ಗೋಡೆಯ ಮಣ್ಣಿನಲ್ಲೇ ದಾರಿ ಮಾಡಿಕೊಂಡು ಬರುತ್ತದೆ. ಸ್ಕ್ರೂಡ್ರೈವರಿನ ತುದಿಯಿಂದ ಜಂತಿಯನ್ನು ಗೋಡೆಯ ಹತ್ತಿರ ಚುಚ್ಚಿ ನೋಡಿ. ಅರ್ಧ ಇಂಚು ಸಲೀಸಾಗಿ ಇಳಿದರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಬಡಿಗೇರರನ್ನು ಕರೆಯಬೇಕು, ಅಲ್ಲಿಯವರೆಗೆ ಆ ಕೋಣೆಯನ್ನು ಯಾರಿಗೂ ಕೊಡಬಾರದು. ಜಂತಿ ಗಟ್ಟಿಯಾಗಿದ್ದು ಹಲಗೆ ಮಾತ್ರ ಕಿರುಗುಟ್ಟುತ್ತಿದ್ದರೆ ಅದು ಸ್ವಂತ ಕೈಯ ಕೆಲಸ. ತುಕ್ಕು ಹಿಡಿದ ಮೊಳೆ ಕಿತ್ತು, ಪಕ್ಕದಲ್ಲಿ ಸಣ್ಣ ತೂತು ಕೊರೆದು ಸ್ಕ್ರೂ ಬಿಗಿಯಬೇಕು. ತೂತು ಕೊರೆಯದೆ ತಿರುಪಿದರೆ ಒಣಗಿದ ಹಳೆಯ ಸಾಗವಾನಿ ಸೀಳುತ್ತದೆ. ಮೇಲ್ಮೈ ಸವೆದ ಹಲಗೆಯನ್ನು ಮಗುಚಿ ಹಾಕಬಹುದು. ಸಂದಿಗೆ ಅದೇ ಜಾತಿಯ ಕಟ್ಟಿಗೆಯ ತೆಳು ಪಟ್ಟಿಯನ್ನು ಒಂದೇ ಬದಿಗೆ ಅಂಟಿಸಿ ಕೂರಿಸಿದರೆ, ಹಲಗೆ ಹಿಗ್ಗಿ ಕುಗ್ಗಿದರೂ ಪಟ್ಟಿ ನಿಲ್ಲುತ್ತದೆ. ಕಡೆಗೆ ಕುದಿಸಿದ ಅಗಸಿ ಎಣ್ಣೆಯನ್ನು ಬಟ್ಟೆಯಿಂದ ತೆಳುವಾಗಿ ತಿಕ್ಕಿ ಒರೆಸಿ. ಅಗಸಿ ಚಟ್ನಿಯ ಸೀಮೆಯವರಿಗೆ ಆ ಎಣ್ಣೆಯ ಗುರುತು ಹೇಳಬೇಕಿಲ್ಲ, ಆದರೆ ಒಂದು ಸಂಗತಿ ಹೇಳಲೇಬೇಕು: ಎಣ್ಣೆಯಾದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಒಗೆದರೆ ಅದು ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಈಗ ಎದುರು ಮಾತುಗಳು. ಮೊದಲನೆಯದು, ಬಾಡಿಗೆಗೆ ಬರುವವರು ಟೈಲ್ಸ್ ಕೇಳುತ್ತಾರೆ, ಟೈಲ್ಸಿದ್ದರೆ ಬಾಡಿಗೆಯೂ ಹೆಚ್ಚು ಬರುತ್ತದೆ ಎಂಬುದು. ಇದರಲ್ಲಿ ನಿಜವಿದೆ, ತಳ್ಳಿಹಾಕಲಾಗದು. ಆದರೆ ಬರುವವರು ಟೈಲ್ಸ್ ಎಂದು ಕೇಳುವಾಗ ಅವರಿಗೆ ಬೇಕಿರುವುದು ಒರೆಸಿದರೆ ಸ್ವಚ್ಛವಾಗುವ, ಕಾಲಿಗೆ ಎಡವದ, ಹಸಿ ವಾಸನೆಯಿಲ್ಲದ ನೆಲ. ಅದನ್ನು ಸರಿಯಾಗಿ ಕೂರಿಸಿ ಪಾಲಿಶ್ ಮಷಿನ್ ಒಂದು ಸುತ್ತು ಹೊಡೆಸಿದ ಫರಸಿಯೂ ಕೊಡುತ್ತದೆ. ಬೇಸಿಗೆಯ ಮಧ್ಯಾಹ್ನ ಬರಿ ನೆಲದ ಮೇಲೆ ಒರಗುವ ಊರಿನಲ್ಲಿ, ಕೂತು ರೊಟ್ಟಿ ಬಡಿಯುವ ಮನೆಗಳಲ್ಲಿ, ನೀರು ಚೆಲ್ಲಿದರೆ ಜಾರುವ ನುಣುಪು ಟೈಲ್ಸಿಗಿಂತ ಅದು ಮುದುಕರಿಗೂ ಮಕ್ಕಳಿಗೂ ಕ್ಷೇಮ. ಫರಸಿಯ ಮೇಲೆ ಗಾರೆ ಹಾಕಿ ಟೈಲ್ಸ್ ಕೂರಿಸಿದರೆ ನೆಲ ಎರಡು ಇಂಚಿನವರೆಗೆ ಏರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಬಾಗಿಲುಗಳ ಅಡಿ ಕೊಯ್ಯಬೇಕು, ಹೊಸ್ತಿಲು ಮುಳುಗುತ್ತದೆ, ಒಳಕೋಣೆ ಏರಿ ಬಚ್ಚಲು ತಗ್ಗಿನಲ್ಲಿ ಉಳಿಯುತ್ತದೆ ಎಂದು ಬಚ್ಚಲನ್ನೂ ಏರಿಸಿದರೆ ಗಟಾರದ ಕಡೆಗಿದ್ದ ವಾಟ ಕೆಡುತ್ತದೆ. ಹಾಗೆಂದು ಟೈಲ್ಸೇ ಬೇಡವೆಂದು ಹಟ ಹಿಡಿಯುವುದೂ ಸಲ್ಲದು. ಬಚ್ಚಲ ಗೋಡೆಗೆ, ಒಲೆಕಟ್ಟೆಗೆ ಅದಕ್ಕಿಂತ ಒಳ್ಳೆಯದಿಲ್ಲ. ನೆಲದ ಮುಕ್ಕಾಲು ಕಲ್ಲು ಚಕ್ಕೆ ಎದ್ದು ಹಾಳಾಗಿದ್ದರೆ ಎಲ್ಲವನ್ನೂ ತೆಗೆದು, ಕೆಳಗಿನದನ್ನು ಸರಿಮಾಡಿ, ಅದೇ ಮಟ್ಟಕ್ಕೆ ಹೊಸದು ಹಾಸಬಹುದು. ಅದೂ ಬಿಚ್ಚುವ ರಿಪೇರಿಯೇ.

ಎರಡನೆಯ ಆಕ್ಷೇಪ, ಗೌಂಡಿಗಳಿರುವಾಗ ನಾವೇಕೆ ಮೈ ಕೆಸರು ಮಾಡಿಕೊಳ್ಳಬೇಕು ಎಂಬುದು. ಹತ್ತಕ್ಕಿಂತ ಹೆಚ್ಚು ಕಲ್ಲು ಏಳಿಸುವುದಿದ್ದರೆ ಗೌಂಡಿಯನ್ನೇ ಕರೆಯಿರಿ, ಅವರ ಕೈಗೆ ಬರುವ ಮಟ್ಟ ನಮಗೆ ಬಾರದು. ಆದರೆ ನಾಲ್ಕು ಕಲ್ಲಿನ ಕೆಲಸಕ್ಕೆ ಬೇಸಿಗೆಯ ಕಟ್ಟಡ ಕೆಲಸದ ಭರಾಟೆಯಲ್ಲಿ ಯಾರೂ ಸಿಗುವುದಿಲ್ಲ, ಸಿಕ್ಕರೆ ಇಡೀ ದಿನದ ಪಗಾರ ಕೊಡಬೇಕು. ಬಂದವರು ಹೇಳುವುದೂ ಹೆಚ್ಚಾಗಿ ಒಂದೇ: ಎಲ್ಲದರ ಮೇಲೂ ಟೈಲ್ಸ್ ಹಾಕಿಬಿಡ್ರಿ. ಅವರ ಕಡೆಯಿಂದ ಅದು ಸರಿಯಾದ ಮಾತು, ದಿನಗಟ್ಟಲೆ ಕೆಲಸ ಸಿಗುತ್ತದೆ. ಹಾಳೆ ಅಂಟಿಸುವುದು, ಬಡಿದು ನೋಡುವುದು, ಟಾಕಿಗೆ ಗುರುತು ಹಾಕುವುದು ಮಾಲೀಕರೇ ಮಾಡಿದ್ದರೆ, ಗೌಂಡಿಗೆ ಯಾವ ಕಲ್ಲು, ಯಾಕೆ ಎಂದು ತೋರಿಸಿ ಕೆಲಸ ಒಪ್ಪಿಸಬಹುದು.

ಬೀಳಗಿ ಕಡೆಯ ಮಾಲೀಕರದು ಬೇರೆಯೇ ಸಂದೇಹ, ಅದಕ್ಕೆ ತೂಕವಿದೆ. ಆಲಮಟ್ಟಿ ಜಲಾಶಯದ ನೀರು 519.6 ಮೀಟರಿನಿಂದ 524.256 ಮೀಟರಿಗೆ ಏರುವ ಮಾತು ಕೃಷ್ಣಾ ನ್ಯಾಯಮಂಡಳಿಯ 2010ರ ತೀರ್ಪಿನಿಂದ ಇಲ್ಲಿಯವರೆಗೆ ನಡೆದೇ ಇದೆ. ಹಿನ್ನೀರಿಗೆ ಹೋಗಬಹುದಾದ ಮನೆಯ ನೆಲಕ್ಕೆ ಯಾಕೆ ದುಡ್ಡು ಹಾಕಬೇಕು? ಹಾಕಬಾರದು ಎಂಬುದೇ ಉತ್ತರ. ಹಾಗಾದರೆ ಅಂಟಿಸುವ ಟೈಲ್ಸಿಗಂತೂ ಹಾಕಲೇಬಾರದು. ಸುಣ್ಣದ ಗಾರೆಯಲ್ಲಿ ಕೂತ ಫರಸಿ, ಸ್ಕ್ರೂ ಹೊಡೆದ ಹಲಗೆ, ಬಾಗಿಲು, ತೊಲೆ ಇವೆಲ್ಲ ಕಳಚಿ ಗಾಡಿಯಲ್ಲಿ ಹೇರಿಕೊಂಡು ಹೊಸ ಜಾಗಕ್ಕೆ ಒಯ್ಯಬಹುದಾದ ಆಸ್ತಿ. ಸಿಮೆಂಟಿನಲ್ಲಿ ಅಂಟಿದ ಟೈಲ್ಸ್ ತೆಗೆಯುವಾಗಲೇ ಚೂರು.

ಬಿಚ್ಚಿ ನೋಡುವುದಕ್ಕೆ ಇನ್ನೊಂದು ಕಾರಣವಿದೆ. ಅದು ಠೇವಣಿಯ ಜಗಳಕ್ಕೆ ಸಂಬಂಧಿಸಿದ್ದು. ಮನೆ ಬಿಡುವ ದಿನ ಒಡೆದ ಫರಸಿಯನ್ನು ತೋರಿಸಿ ಮಾಲೀಕರು ದುಡ್ಡು ಹಿಡಿಯುವುದು, ನಾವು ಬರುವಾಗಲೇ ಒಡೆದಿತ್ತು ಎಂದು ಬಾಡಿಗೆದಾರರು ಹೇಳುವುದು ನಡೆದೇ ಇರುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು, ಬೇರೆ ಕರಾರು ಇಲ್ಲದಿದ್ದರೆ, ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು, ಆದರೆ ಸಹಜ ಸವಕಳಿಗೆ ಅವನು ಹೊಣೆಯಲ್ಲ ಎನ್ನುತ್ತದೆ. ಮಾಲೀಕನಿಗೆ ಗೊತ್ತಿರುವ, ಸಾಮಾನ್ಯವಾಗಿ ನೋಡಿದರೆ ಕಾಣದ ದೊಡ್ಡ ದೋಷವನ್ನು ಮುಂಚೆಯೇ ತಿಳಿಸಬೇಕೆಂಬ ಮಾತೂ ಅದೇ ಕಲಮಿನಲ್ಲಿದೆ. ಹಸಿ ನೆಲದ ಮೇಲೆ ಹೊಸ ಮ್ಯಾಟು ಹಾಸಿ ಮನೆ ತೋರಿಸುವವರು ಇದನ್ನೊಮ್ಮೆ ಓದಬೇಕು. ಹಾಗಾದರೆ ಖಾರ ಕುಟ್ಟುವಾಗ ಒಡೆದ ಕಲ್ಲು ಯಾರ ಲೆಕ್ಕ? ಕಲ್ಲನ್ನು ಎಬ್ಬಿಸಿದರೆ ಬಹಳ ಸಲ ತೀರ್ಮಾನ ಅಡಿಯಲ್ಲೇ ಇರುತ್ತದೆ. ಕೆಳಗೆ ಗಾರೆ ತುಂಬಿ ಗಟ್ಟಿ ಕೂತ ಕಲ್ಲು ಒನಕೆಯ ಪೆಟ್ಟಿಗೂ ಸುಲಭವಾಗಿ ಒಡೆಯುವುದಿಲ್ಲ. ಅಡಿಯಲ್ಲಿ ಪೊಳ್ಳಿದ್ದ ಕಲ್ಲು ಸಿಲಿಂಡರ್ ಇಳಿಸಿದರೂ ಬಿರುಕು ಬಿಡುತ್ತದೆ, ಆ ಪೊಳ್ಳು ಮಾಲೀಕನದು. ಬಿರುಕಿನ ಒಳಮೈ ಕೊಳೆ ತುಂಬಿ ಕಪ್ಪಾಗಿದ್ದರೆ ಹಳೆಯದು, ಬೆಳ್ಳಗೆ ಚೊಕ್ಕಟವಾಗಿದ್ದರೆ ಈಚಿನದು.

ಹೊಸಬರು ಬರುವ ಮುಂಚೆ ಪ್ರತಿ ಕೋಣೆಯ ನೆಲದ ಫೋಟೊ ತೆಗೆದು, ದಿನಾಂಕ ಹಾಕಿ, ಎರಡೂ ಕಡೆಯವರ ಸಹಿಯೊಂದಿಗೆ ಕರಾರುಪತ್ರಕ್ಕೆ ಲಗತ್ತಿಸಿ. ತೆಗೆದ ಕಲ್ಲುಗಳಲ್ಲಿ ಗಟ್ಟಿಯಾದ ಎರಡನ್ನು ಒಗೆಯದೆ ಹಿತ್ತಲ ಗೋಡೆಗೆ ಒರಗಿಸಿಡಿ. ಅದೇ ಬಣ್ಣದ, ಅದೇ ದಪ್ಪದ ಕಲ್ಲು ಮುಂದೆ ಸಿಗುವುದು ಕಷ್ಟ. ಬೀಗದ ಕೈ ಕೊಡುವಾಗ ನೆಲಕ್ಕೆ ಆ್ಯಸಿಡ್ ಹಾಕಬೇಡಿ, ಸಂದಿನಲ್ಲಿ ಬಿಳಿ ಉಪ್ಪು ಕಂಡರೆ ತೊಳೆಯದೆ ಒಣ ಬ್ರಷ್ಷಿನಿಂದ ಕೆರೆದು ಹೊರಗೆ ಹಾಕಿ ಎಂದು ಮನೆಯವರಿಗೆ ಹೇಳಿ. ತೊಳೆದರೆ ಉಪ್ಪು ಕರಗಿ ಮತ್ತೆ ಕಲ್ಲಿನೊಳಗೇ ಇಳಿಯುತ್ತದೆ. ಸೆಪ್ಟೆಂಬರಿನ ಮೊದಲ ಜೋರು ಮಳೆ ಆದ ವಾರ, ಅವರಿಗೆ ಮೊದಲೇ ತಿಳಿಸಿ, ಒಮ್ಮೆ ಹೋಗಿ ಕೂರಿಸಿದ ಕಲ್ಲುಗಳನ್ನು ಬಡಿದು ನೋಡಿ ಬನ್ನಿ.